ಅಮ್ಮನ ಜಿಸ್ಟ್ ಗಡ್ಡೆ, ಮೂರು ವರ್ಷದ ಮಾತ್ರೆ

2025ರ ಮೇ 11ರ ಭಾನುವಾರ ರಾತ್ರಿ ಊಟವಾದ ಮೇಲೆ ಅಮ್ಮ ಕೊನೆಯ ಮಾತ್ರೆ ನುಂಗಿದಳು. ಇಮಾಟಿನಿಬ್ 400 ಅನ್ನುವ ಕ್ಯಾನ್ಸರ್ ಮಾತ್ರೆ, ದಿನಕ್ಕೊಂದು, ಮೂರು ವರ್ಷ. ಖಾಲಿ ಸ್ಟ್ರಿಪ್ಪನ್ನು ನೆನಪಿಗೆ ಫೈಲಿನಲ್ಲಿ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳು ಅದನ್ನು ಕಸದ ಬುಟ್ಟಿಗೆ ಎಸೆದು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು.

ನಾನು ಡಾಕ್ಟರ್ ಅಲ್ಲ. ತಿಪಟೂರಿನ ಹತ್ತಿರ ಸ್ವಲ್ಪ ತೆಂಗಿನ ತೋಟ ಇದೆ, ಜೊತೆಗೆ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಜಿಸ್ಟ್ (ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಗಡ್ಡೆ) ಅನ್ನುವ ಅಮ್ಮನ ಕಾಯಿಲೆಯ ಹೆಸರು ಹಿಡಿದು ಕನ್ನಡದಲ್ಲಿ ಏನಾದರೂ ಇದೆಯಾ ಅಂತ ಹುಡುಕಿದಾಗ ಒಂದು ಪುಟವೂ ಸಿಗಲಿಲ್ಲ. ನಮ್ಮ ಹಾಗೆ ಯಾರೋ ಒಬ್ಬರು ಇವತ್ತು ರಾತ್ರಿ ರಿಪೋರ್ಟ್ ಹಿಡಿದುಕೊಂಡು ಕೂತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು 2021ರ ಕೊನೆಯಲ್ಲಿ. ಅಮ್ಮನಿಗೆ ಆಗ 58. ಅಟ್ಟ ಹತ್ತಿ ಕೊಬ್ಬರಿ ನೋಡಿ ಇಳಿದರೆ ಏದುಸಿರು. ಮುಖ ಬಿಳಚಿಕೊಂಡಿತ್ತು. ಊರಿನ ಕ್ಲಿನಿಕ್‌ನಲ್ಲಿ ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಅದಾದ ಮೇಲೆ ಮಲ ಕಪ್ಪಗೆ, ಟಾರಿನ ಹಾಗೆ ಹೋಗತೊಡಗಿತು. ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಮ್ಮನೂ ಈ ವಿಷಯ ನಮ್ಮ ಹತ್ತಿರ ಬಾಯಿಬಿಟ್ಟು ಹೇಳಲಿಲ್ಲ. ಹೆಂಗಸರು ಇಂಥದ್ದನ್ನೆಲ್ಲ ಮಗನ ಹತ್ತಿರ ಎಲ್ಲಿ ಹೇಳುತ್ತಾರೆ? ಎರಡು ತಿಂಗಳು ಹೀಗೇ ಹೋಯಿತು. ಕಪ್ಪು ಮಾತ್ರ ಅಲ್ಲ, ಅಂಟಂಟಾಗಿ ಕೆಟ್ಟ ವಾಸನೆಯೂ ಇದ್ದರೆ ಅದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗುರುತು ಅಂತ ನನಗೆ ಆಮೇಲೆ ಗೊತ್ತಾಯಿತು.

2022ರ ಫೆಬ್ರವರಿ ಕೊನೆಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಹಿಮೋಗ್ಲೋಬಿನ್ 5.4. ತಿಪಟೂರಿನಲ್ಲಿ ಎರಡು ಬಾಟಲಿ ರಕ್ತ ಹಾಕಿ ತುಮಕೂರಿಗೆ ಕಳಿಸಿದರು. ಅಲ್ಲಿ ಎಂಡೋಸ್ಕೋಪಿ ಮಾಡಿದರು, ಏನೂ ಕಾಣಲಿಲ್ಲ. ಕೊಲೊನೋಸ್ಕೋಪಿ ಮಾಡಿದರು, ಅದರಲ್ಲೂ ಏನೂ ಕಾಣಲಿಲ್ಲ. ನಮಗೆ ಖುಷಿಯೋ ಖುಷಿ. ಆದರೆ ರಕ್ತ ಮಾತ್ರ ಇಳಿಯುತ್ತಲೇ ಇತ್ತು. ಬಾಯಿಂದ ಹಾಕುವ ಟ್ಯೂಬು ಸಣ್ಣ ಕರುಳಿನ ಶುರುವಿನವರೆಗೆ ಹೋಗುತ್ತದೆ, ಕೆಳಗಿಂದ ಹಾಕುವುದು ಸಣ್ಣ ಕರುಳಿನ ಬಾಗಿಲಿಗೆ ನಿಲ್ಲುತ್ತದೆ. ನಡುವೆ ಅಷ್ಟುದ್ದ ಕರುಳು ಎರಡಕ್ಕೂ ಸಿಗುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಿದಾಗ ಅಲ್ಲೇ, ಜೆಜುನಂ ಅನ್ನುವ ಭಾಗದಲ್ಲಿ, 7 ಸೆಂಟಿಮೀಟರ್ ಗಡ್ಡೆ ಕೂತಿರುವುದು ಕಂಡಿತು.

ಮಾರ್ಚ್ 7ಕ್ಕೆ ಆಪರೇಷನ್ ಆಯಿತು. ಗಡ್ಡೆಯನ್ನು ಒಡೆಯದೆ, ಸುತ್ತಲಿನ ಕರುಳಿನ ತುಂಡಿನ ಸಮೇತ ತೆಗೆದಿದ್ದೇವೆ ಅಂದರು ಸರ್ಜನ್. ಆಗ ಆ ಮಾತಿನ ಬೆಲೆ ನನಗೆ ಗೊತ್ತಾಗಲಿಲ್ಲ. ಈ ಗಡ್ಡೆ ಹೊಟ್ಟೆಯೊಳಗೆ ಒಡೆದರೆ ಮುಂದಿನ ಲೆಕ್ಕವೆಲ್ಲ ಬದಲಾಗುತ್ತದೆ, ಮರುಕಳಿಸುವ ಸಾಧ್ಯತೆ ತುಂಬಾ ಜಾಸ್ತಿಯಾಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಗಡ್ಡೆ ಒಡೆದಿಲ್ಲ" ಅಂತ ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಆಮೇಲೆ ಬೆಂಗಳೂರಿಗೆ ಹೋದಾಗ ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಅದೇ.

ಆಸ್ಪತ್ರೆ ಬಿಲ್ಲು 1,92,000 ರೂಪಾಯಿ. ಅಟ್ಟದಲ್ಲಿದ್ದ ಕೊಬ್ಬರಿಯನ್ನು ಇನ್ನೂ ಸರಿಯಾಗಿ ಒಣಗುವ ಮೊದಲೇ ಇಳಿಸಿ ಮಾರಿದೆವು. ನಮ್ಮ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇರಲಿಲ್ಲ, ಅದನ್ನು ನಾನು ಕೇಳಿದ್ದು ಅಡ್ಮಿಟ್ ಆದ ಮೂರನೇ ದಿನ. ಗಾಬರಿಯಲ್ಲಿ ಯಾರು ಕೇಳುತ್ತಾರೆ ಅಂತೀರಾ? ನಿಜ. ಆದರೂ ಆಂಬುಲೆನ್ಸ್ ಹತ್ತುವ ಮೊದಲು ಒಂದು ಫೋನ್ ಮಾಡಿ ಕೇಳಿ. ಮಾಮೂಲಿಯಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಅದೂ ಬೇಕಿಲ್ಲ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ.

ಬಯಾಪ್ಸಿ ರಿಪೋರ್ಟ್ ಬರಲು ಒಂಬತ್ತು ದಿನ ಹಿಡಿಯಿತು. ನಾಲ್ಕು ಸಾಲು. ಸ್ಪಿಂಡಲ್ ಸೆಲ್ ಸಾರ್ಕೋಮಾ, ಬಹುಶಃ ಲಿಯೋಮಯೋಸಾರ್ಕೋಮಾ ಅಂತ, ಅಂದರೆ ಸ್ನಾಯುವಿನಲ್ಲಿ ಹುಟ್ಟುವ ಒಂದು ಕ್ಯಾನ್ಸರ್. ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಐಎಚ್‌ಸಿ ಮಾಡಿಸುವುದು ಒಳ್ಳೆಯದು" ಅಂತ ಇತ್ತು, ಅದು ಗಡ್ಡೆಯ ತುಂಡಿನ ಮೇಲೆ ಮಾಡುವ ಇನ್ನೊಂದು ಪರೀಕ್ಷೆ. ಆ ಕೊನೆಯ ಸಾಲನ್ನು ಯಾರೂ ನಮಗೆ ಓದಿ ಹೇಳಲಿಲ್ಲ. ಅವತ್ತು ನಮ್ಮನ್ನು ನೋಡಿದ ಡಾಕ್ಟರ್ ಗಾಯ ಮಾಗಿದ ಮೇಲೆ ಕೀಮೋ ಶುರು ಮಾಡೋಣ, ಮೂರು ವಾರ ಬಿಟ್ಟು ಬನ್ನಿ ಅಂದರು. ಎಷ್ಟು ದಿನ ಸರ್ ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, "ಹೋಪ್ ಫಾರ್ ದಿ ಬೆಸ್ಟ್" ಅಂದರು.

ಆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಹೆಸರು ಹೊಡೆದೆ. ಬಂದ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಅವು ಅಮ್ಮನ ಕಾಯಿಲೆಯ ಅಂಕಿಗಳೇ ಅಲ್ಲ. ಆದರೆ ಆಗ ಅದು ಗೊತ್ತಿರಲಿಲ್ಲವಲ್ಲ. ನನ್ನ ಹೆಂಡತಿಗೆ ಫೋನ್ ಮಾಡಿ, ಈ ಸಲದ ಗೌರಿ ಹಬ್ಬಕ್ಕೆ ಅಮ್ಮನಿಗೆ ಒಳ್ಳೆ ಸೀರೆ ತರೋಣ ಅಂದೆ. ಅವಳು ಏನೂ ಕೇಳಲಿಲ್ಲ, ಅಳುವುದಕ್ಕೆ ಶುರು ಮಾಡಿದಳು.

ಬೆಂಗಳೂರಿನ ದಾಸರಹಳ್ಳಿಯಲ್ಲಿ ಅಕ್ಕನ ಮನೆ. ಭಾವನ ಫ್ಯಾಕ್ಟರಿಯಲ್ಲಿ ಒಬ್ಬರ ಹೆಂಡತಿಗೆ ಕ್ಯಾನ್ಸರ್ ಆಗಿತ್ತಂತೆ. ಅವರು ಹೇಳಿದ್ದು ಒಂದೇ ಮಾತು. "ಕೀಮೋ ಆಮೇಲೆ. ಮೊದಲು ಬ್ಲಾಕು, ಸ್ಲೈಡು ಇಸ್ಕೊಂಡು ಬನ್ನಿ." ಅಮ್ಮನ ಕಥೆ ತಿರುಗಿದ್ದೇ ಆ ಮಾತಿನಿಂದ.

ಬ್ಲಾಕ್ ಅಂದರೆ ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುವ ಪುಟ್ಟ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರಿಂದ ತೆಳ್ಳಗೆ ಹೆರೆದು ಗಾಜಿನ ಮೇಲೆ ಅಂಟಿಸಿದ್ದು ಸ್ಲೈಡ್. ಅದು ರೋಗಿಯದ್ದೇ ದೇಹದ ತುಂಡು, ಕೇಳಿದರೆ ಕೊಡುತ್ತಾರೆ. ಆದರೆ ಕೇಳುವುದು ಅಷ್ಟು ಸುಲಭ ಇರಲಿಲ್ಲ. ಮೊದಲ ದಿನ ಲ್ಯಾಬಿನಲ್ಲಿ ಡಾಕ್ಟರ್ ಇಲ್ಲ ಅಂದರು. ಎರಡನೇ ದಿನ ರೋಗಿಯೇ ಬರಬೇಕು ಅಂದರು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಅಮ್ಮನನ್ನು ಹೇಗೆ ಕರೆದುಕೊಂಡು ಹೋಗಲಿ? ಒಪ್ಪಿಗೆ ಪತ್ರ ಬರೆಸಿ, ಹೆಬ್ಬೆಟ್ಟು ಬೇಡ ಸಹಿಯೇ ಮಾಡ್ತೀನಿ ಅಂತ ಅವಳು ಹಟ ಹಿಡಿದು ಸಹಿ ಮಾಡಿ, ಆಧಾರ್ ಜೆರಾಕ್ಸ್ ಲಗತ್ತಿಸಿ ಮೂರನೇ ದಿನ ಹೋದೆ. ಆಧಾರ್‌ನಲ್ಲಿ ಇನಿಷಿಯಲ್ ಇದೆ, ರಿಪೋರ್ಟ್‌ನಲ್ಲಿ ಇಲ್ಲ ಅಂತ ಮತ್ತೆ ತಕರಾರು. ಅಡ್ಮಿಟ್ ಮಾಡುವಾಗಲೇ ಆಧಾರ್‌ನಲ್ಲಿ ಇದ್ದ ಹಾಗೆಯೇ ಹೆಸರು ಬರೆಸಿ. ಒಂದಕ್ಷರ ಆಚೀಚೆ ಆದರೂ ಮುಂದೆ ಮೂರು ವರ್ಷ ಎಲ್ಲ ಕೌಂಟರಿನಲ್ಲೂ ಅದೇ ಪ್ರಶ್ನೆ ಕೇಳುತ್ತಾರೆ.

ಕೊನೆಗೆ 500 ರೂಪಾಯಿ ಡಿಪಾಸಿಟ್ ಕಟ್ಟಿಸಿಕೊಂಡು ಎರಡು ಬ್ಲಾಕು, ಆರು ಸ್ಲೈಡು ಕೊಟ್ಟರು. ಅಮ್ಮನ ಸ್ಟೀಲ್ ಟಿಫಿನ್ ಬಾಕ್ಸಿನಲ್ಲಿ ಹತ್ತಿ ಹಾಕಿ ಇಟ್ಟುಕೊಂಡೆ. ಮೇಣ ಅಲ್ವಾ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ. ಪಕ್ಕದವರು ಊಟಾನಾ ಅಂತ ಕೇಳಿದರು.

ಅಮ್ಮನಿಗೆ ನಾವು ಯಾರೂ ಕ್ಯಾನ್ಸರ್ ಅನ್ನುವ ಪದ ಹೇಳಿರಲಿಲ್ಲ. ಕರುಳಿನ ಹುಣ್ಣು ಅಂದಿದ್ದೆವು. ಬೆಂಗಳೂರಿನ ಆಸ್ಪತ್ರೆಯ ಗೇಟಿನ ಹತ್ತಿರ ಆಟೋ ಇಳಿದವಳು ಮೇಲೆ ನೋಡಿ, "ಬೋರ್ಡ್ ಓದೋಕೆ ನಂಗೆ ಬರಲ್ವೇನೋ? ಏಳನೇ ಕ್ಲಾಸ್ ಪಾಸ್ ಆಗಿದ್ದೀನಿ," ಅಂದಳು. ಅಕ್ಕ ಅಳುವುದಕ್ಕೆ ಶುರು ಮಾಡಿದ್ದಕ್ಕೆ ಅವಳೇ ಸಮಾಧಾನ ಮಾಡಬೇಕಾಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಪಿಸುಮಾತು ನಿಂತಿತು. ಮಾತ್ರೆ ಯಾಕೆ ತಪ್ಪಿಸಬಾರದು ಅಂತ ಅವಳಿಗೇ ಗೊತ್ತಿದ್ದದ್ದರಿಂದ ನಾವು ನೆನಪಿಸುವ ಕೆಲಸವೇ ಬೀಳಲಿಲ್ಲ.

ಮೊದಲ ದಿನ ಬರೀ ನೋಂದಣಿ. ಬೆಳಗ್ಗೆ ಆರಕ್ಕೆ ಸಾಲಿನಲ್ಲಿ ನಿಂತವರು ಡಾಕ್ಟರ್ ಮುಂದೆ ಕೂತಾಗ ಮಧ್ಯಾಹ್ನ ಎರಡೂವರೆ. ಬ್ಲಾಕನ್ನು ಮತ್ತೆ ಪರೀಕ್ಷೆಗೆ ಕಳಿಸಿ ಐಎಚ್‌ಸಿ ಮಾಡಿಸಲು ಬರೆದುಕೊಟ್ಟರು. 5,500 ರೂಪಾಯಿ, ಎಂಟು ದಿನ. ಐಎಚ್‌ಸಿ ಅಂದರೆ ಗಡ್ಡೆಯ ಕಣಗಳ ಮೇಲೆ ಯಾವ ಯಾವ ಪ್ರೋಟೀನ್ ಇದೆ ಅಂತ ಬಣ್ಣ ಹಾಕಿ ನೋಡುವುದು. ಸಿಡಿ 117 ಪಾಸಿಟಿವ್, ಡಾಗ್ 1 ಪಾಸಿಟಿವ್, ಡೆಸ್ಮಿನ್ ನೆಗೆಟಿವ್ ಅಂತ ಬಂತು. ಡಾಕ್ಟರ್ ಮೇಡಂ ರಿಪೋರ್ಟ್ ಓದಿ, "ಇದು ಲಿಯೋಮಯೋಸಾರ್ಕೋಮಾ ಅಲ್ಲ. ಜಿಸ್ಟ್. ಕೀಮೋ ಬೇಡ," ಅಂದರು. ಕೀಮೋ ಬೇಡ ಅಂದಿದ್ದು ಕೇಳಿ ಕೈಬಿಟ್ಟರಾ ಅಂದುಕೊಂಡೆ.

ಕೈಬಿಟ್ಟಿರಲಿಲ್ಲ. ಜಿಸ್ಟ್ ಅಂದರೆ ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್. ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಗಡ್ಡೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 10ರಿಂದ 15 ಮಂದಿಗೆ ಬರುತ್ತದೆ. ನಮ್ಮ ತಾಲ್ಲೂಕಿನಷ್ಟು ಜನ ಇರುವ ಕಡೆ ಲೆಕ್ಕ ಹಾಕಿದರೆ ವರ್ಷಕ್ಕೆ ಇಬ್ಬರೋ ಮೂವರೋ. ಲಕ್ಷಕ್ಕೆ ಆರಕ್ಕಿಂತ ಕಮ್ಮಿ ಬಂದರೆ ಯುರೋಪಿನಲ್ಲಿ ಅಪರೂಪದ ಕ್ಯಾನ್ಸರ್ ಅಂತ ಕರೆಯುತ್ತಾರೆ. ಇಂಥ ಅಪರೂಪದವನ್ನೆಲ್ಲ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರ್‌ನಲ್ಲಿ ಐದರಲ್ಲಿ ಒಂದು ಪಾಲಿಗೂ ಮೀರುತ್ತದಂತೆ. ಒಂದೊಂದಾಗಿ ನೋಡಿದರೆ ಅಪರೂಪ, ಹಾಗಾಗಿ ಒಬ್ಬ ಡಾಕ್ಟರ್ ಜೀವಮಾನದಲ್ಲಿ ಅದನ್ನು ಬೆರಳೆಣಿಕೆಯಷ್ಟೇ ನೋಡಿರಬಹುದು. ಜಿಸ್ಟ್ ಗಡ್ಡೆಗಳನ್ನು ಹಿಂದೆ ಲಿಯೋಮಯೋಸಾರ್ಕೋಮಾ ಅಂತಲೇ ಬರೆಯುತ್ತಿದ್ದರು. 1998ರಲ್ಲಿ ಜಪಾನಿನವರು ಇದರಲ್ಲಿ ಕಿಟ್ ಅನ್ನುವ ಜೀನ್ ಕೆಟ್ಟಿರುತ್ತದೆ ಅಂತ ಕಂಡುಹಿಡಿದ ಮೇಲೆ ಬೇರೆ ಅಂತ ಗೊತ್ತಾಗಿದ್ದು. ಹಾಗಾಗಿ ತುಮಕೂರಿನ ಆ ಲ್ಯಾಬಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಐಎಚ್‌ಸಿ ಮಾಡಿಸಿ ಅಂತ ಬರೆದೇ ಇದ್ದರು. ಸಿಟ್ಟು ಇರುವುದು ಆ ಸಾಲನ್ನು ದಾಟಿಕೊಂಡು ಹೋದವರ ಮೇಲೆ. ಸಾರ್ಕೋಮಾಕ್ಕೆ ಕೊಡುವ ಹಳೆಯ ಕೀಮೋ ಜಿಸ್ಟ್‌ಗೆ ಹೆಚ್ಚುಕಮ್ಮಿ ತಾಗುವುದೇ ಇಲ್ಲ. ಅಮ್ಮನ ಕೂದಲು ಉದುರುತ್ತಿತ್ತು, ನಮ್ಮ ತೋಟ ಅಡಮಾನಕ್ಕೆ ಹೋಗುತ್ತಿತ್ತು, ಗಡ್ಡೆಗೆ ಏನೂ ಆಗುತ್ತಿರಲಿಲ್ಲ.

ಸಂತೋಷ ಅರ್ಧ ಗಂಟೆ ಇತ್ತು. ಕಾರಿಡಾರಿನಲ್ಲಿ ಕೂತು ಹೊಸ ಹೆಸರನ್ನು ಫೋನಿನಲ್ಲಿ ಹೊಡೆದೆ. ಬುದ್ಧಿ ಬಂದಿರಲಿಲ್ಲ ನೋಡಿ. ಒಂದು ಟೇಬಲ್ ಸಿಕ್ಕಿತು. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಮೈಟೋಸಿಸ್ ಎಷ್ಟು ಅಂತ ಮೂರು ನೋಡಿ ಅಪಾಯ ಹೇಳುವ ಟೇಬಲ್. ಮೈಟೋಸಿಸ್ ಅಂದರೆ ಸೂಕ್ಷ್ಮದರ್ಶಕದಲ್ಲಿ ಎಷ್ಟು ಕಣ ಒಡೆದು ಎರಡಾಗುತ್ತಿವೆ ಅಂತ ಎಣಿಸುವುದು. ಅಮ್ಮನದ್ದು ಸಣ್ಣ ಕರುಳು, 7 ಸೆಂಟಿಮೀಟರ್, ಮೈಟೋಸಿಸ್ 50 ಫೀಲ್ಡಿಗೆ 7. ಬೆರಳಿಟ್ಟು ಸಾಲು ಹಿಡಿದು ಹೋದೆ. ಕಾಯಿಲೆ ಮುಂದುವರಿಯುವ ಸಾಧ್ಯತೆ ಶೇ. 85. ಇದೇ ಗಡ್ಡೆ ಜಠರದಲ್ಲಿ ಇದ್ದಿದ್ದರೆ 55. ಜಠರದಲ್ಲಿದ್ದು ಮೈಟೋಸಿಸ್ 5ಕ್ಕಿಂತ ಕಮ್ಮಿ ಇದ್ದಿದ್ದರೆ 4ಕ್ಕೂ ಕಮ್ಮಿ. ಅದೇ ಹೆಸರಿನ ಕಾಯಿಲೆ, ಅಷ್ಟೇ ದೊಡ್ಡ ಗಡ್ಡೆ. ಒಬ್ಬರಿಗೆ 4, ಇನ್ನೊಬ್ಬರಿಗೆ 85.

ಮುಂದಿನ ವಾರ ಮೇಡಂ ಹತ್ತಿರ ಹೋದಾಗ ಫೋನ್ ತೋರಿಸಿ, ಇಷ್ಟೇನಾ ಮೇಡಂ ಅಂದೆ. ಅವರು ಫೋನ್ ಇಸ್ಕೊಂಡು ನೋಡಿದರು.

"ಅಂಕಿ ಸರಿಯಾಗೇ ಇದೆ. ಆದರೆ ಇದು ಯಾರ ಲೆಕ್ಕ ಗೊತ್ತಾ? ಇಮಾಟಿನಿಬ್ ಬರೋದಕ್ಕೆ ಮುಂಚೆ ಬರೀ ಆಪರೇಷನ್ ಮಾಡಿಸಿಕೊಂಡವರದ್ದು. ನಿಮ್ಮ ತಾಯಿ ಆ ಪಟ್ಟಿಯಲ್ಲಿ ಇಲ್ಲ."

ನಾನು ಲೆಕ್ಕ ಬರೆಯುವವನು. ಬೇರೆಯವರ ಖಾತೆಯ ಬಾಕಿಯನ್ನು ನಮ್ಮ ಖಾತೆಗೆ ಬರೆದುಕೊಂಡು ನಿದ್ದೆ ಕೆಡಿಸಿಕೊಂಡಿದ್ದೆ ಅಂತ ಆಗ ಅನಿಸಿತು. ಅಲ್ಲಿಂದ ಮುಂದೆ ಯಾವ ಅಂಕಿ ಕಂಡರೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡೆ. ಇದು ಯಾವ ಕಾಲದವರ ಲೆಕ್ಕ? ಅವರಿಗೆ ಯಾವ ಔಷಧಿ ಸಿಕ್ಕಿತ್ತು? ಇಲ್ಲಿ ಎಣಿಸಿದ್ದು ಮರುಕಳಿಸಿದ್ದನ್ನೋ, ತೀರಿಕೊಂಡಿದ್ದನ್ನೋ? ಈ ಕೊನೆಯದ್ದನ್ನು ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಮೇಡಂ ಒಂದು ಅಧ್ಯಯನದ ಅಂಕಿ ಬರೆದುಕೊಟ್ಟರು. ಜರ್ಮನಿ ಮತ್ತು ಉತ್ತರ ಯುರೋಪಿನ ದೇಶಗಳಲ್ಲಿ 400 ಜನರ ಮೇಲೆ ಮಾಡಿದ್ದು, 2012ರಲ್ಲಿ ಪ್ರಕಟವಾಗಿದ್ದು. ಎಲ್ಲರೂ ಅಮ್ಮನ ಹಾಗೆ ಅಪಾಯ ಜಾಸ್ತಿ ಇದ್ದವರೇ. ಆಪರೇಷನ್ ಆದ ಮೇಲೆ ಅರ್ಧ ಜನಕ್ಕೆ ಒಂದು ವರ್ಷ ಮಾತ್ರೆ, ಅರ್ಧ ಜನಕ್ಕೆ ಮೂರು ವರ್ಷ. ಐದು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ಒಂದು ವರ್ಷದ ಗುಂಪಿನಲ್ಲಿ ಶೇ. 47.9, ಮೂರು ವರ್ಷದ ಗುಂಪಿನಲ್ಲಿ ಶೇ. 65.6. ಬದುಕಿದ್ದವರು 81.7 ಮತ್ತು 92. ನೋಡಿ, ಮೂರನೇ ಒಂದು ಭಾಗಕ್ಕೆ ಮರುಕಳಿಸಿದರೂ 92 ಮಂದಿ ಇದ್ದಾರೆ. ಮರುಕಳಿಸಿದ ಮೇಲೂ ಅದೇ ಮಾತ್ರೆ ಬಹಳ ಜನರಿಗೆ ಮತ್ತೆ ಕೆಲಸ ಮಾಡುತ್ತದೆ.

ಗಡ್ಡೆ ಆಗಲೇ ಹರಡಿರುವವರೂ ಇದನ್ನು ಓದುತ್ತಿರಬಹುದು. ನಿಮಗೂ ಹಳೆಯ ಅಂಕಿ ಬೇರೆ, ಹೊಸದು ಬೇರೆ. 2000ದ ಮಾರ್ಚಿನಲ್ಲಿ ಫಿನ್ಲೆಂಡಿನ ಒಬ್ಬ ಹೆಂಗಸಿಗೆ, ಕೀಮೋ ಯಾವುದೂ ನಾಟದೆ ಗಡ್ಡೆ ಹರಡಿದ್ದಾಗ, ರಕ್ತದ ಕ್ಯಾನ್ಸರ್‌ಗೆ ಅಂತ ತಯಾರಿಸಿದ್ದ ಈ ಮಾತ್ರೆಯನ್ನು ಮೊದಲ ಸಲ ಕೊಟ್ಟು ನೋಡಿದರು. ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗಿದವು. ಅದಕ್ಕೂ ಮುಂಚೆ ಹರಡಿದ ಜಿಸ್ಟ್‌ನಲ್ಲಿ ಅರ್ಧ ಜನ ಒಂದೂವರೆ ವರ್ಷದ ಆಸುಪಾಸಿನಲ್ಲಿ ತೀರಿಕೊಳ್ಳುತ್ತಿದ್ದರು. ಮಾತ್ರೆ ಬಂದ ಮೇಲೆ ಅದು ಸುಮಾರು ಐದು ವರ್ಷಕ್ಕೆ ಬಂತು, ಹತ್ತು ವರ್ಷ ದಾಟಿದವರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಒಪಿಡಿ ಬೆಂಚಿನಲ್ಲಿ ಹಾಸನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಸಿಗುತ್ತಿದ್ದರು. ಲಿವರ್‌ಗೆ ಹರಡಿತ್ತಂತೆ, ಹದಿಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ಬೆಂಚಿನಲ್ಲಿ ಅವರ ಪಕ್ಕ ಕೂತರೆ ನಮಗೆ ಒಂಥರಾ ಧೈರ್ಯ. ಅವರಿಗೆ ಮಾತ್ರ ಯಾವಾಗಲೂ ಕ್ಯಾಂಟೀನ್ ಕಾಫಿಯ ಬಗ್ಗೆಯೇ ದೂರು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಮ್ಯುಟೇಷನ್ ಟೆಸ್ಟ್, ಅಂದರೆ ಗಡ್ಡೆಯಲ್ಲಿ ಯಾವ ಜೀನ್ ಎಲ್ಲಿ ಕೆಟ್ಟಿದೆ ಅಂತ ನೋಡುವುದು. ಮತ್ತೆ ಅದೇ ಬ್ಲಾಕ್ ಬೇಕು. 14,000 ರೂಪಾಯಿ, ಮೂರು ವಾರ. ದುಡ್ಡು ಉಳಿಸೋಣ ಅಂತ ಬಿಟ್ಟುಬಿಡಬೇಕು ಅನಿಸಿತ್ತು. ಬಿಡಬೇಡಿ. ಕಿಟ್ ಜೀನಿನ ಎಕ್ಸಾನ್ 11 ಅನ್ನುವ ಭಾಗದಲ್ಲಿ ಕೆಟ್ಟಿದ್ದರೆ ಇಮಾಟಿನಿಬ್ ಚೆನ್ನಾಗಿ ಹಿಡಿಯುತ್ತದೆ. ಎಕ್ಸಾನ್ 9 ಆದರೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹರಡಿದವರಿಗೆ ಎರಡರಷ್ಟು ಡೋಸ್ ಕೊಡುತ್ತಾರೆ. ಪಿಡಿಜಿಎಫ್ಆರ್‌ಎ ಅನ್ನುವ ಇನ್ನೊಂದು ಜೀನಿನಲ್ಲಿ ಡಿ842ವಿ ಅಂತ ಒಂದು ಬದಲಾವಣೆ ಇದೆ, ಅದಿದ್ದವರಿಗೆ ಈ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ. ಅಂಥವರು ಮೂರು ವರ್ಷ ಸುಮ್ನೆ ಮಾತ್ರೆ ನುಂಗಿದ ಹಾಗಾಗುತ್ತದೆ. ಸಣ್ಣ ಕರುಳಿನ ಗಡ್ಡೆಯಲ್ಲಿ ಎಕ್ಸಾನ್ 9 ಸಿಗುವುದು ಜಾಸ್ತಿ ಅಂತ ಓದಿದ್ದೆ, ಹಾಗಾಗಿ ಆ ಮೂರು ವಾರ ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಎಕ್ಸಾನ್ 11 ಅಂತ ಬಂತು. ಹತ್ತನೇ ಕ್ಲಾಸ್ ರಿಸಲ್ಟ್‌ಗೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ.

ಬೆಂಗಳೂರಿಗೆ ಓಡಾಡಲು ಆಗದವರಿಗೆ ಒಂದು ಮಾತು. ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜೊತೆ ಸೇರಿ ಕೆಲಸ ಮಾಡುವ 'ನವ್ಯ' ಅನ್ನುವ ಸೇವೆ ಇದೆ. ರಿಪೋರ್ಟ್‌ಗಳನ್ನು ಆನ್‌ಲೈನ್‌ನಲ್ಲಿ ಕಳಿಸಿದರೆ ತಜ್ಞರ ಅಭಿಪ್ರಾಯ ಬರುತ್ತದೆ. ಜಿಸ್ಟ್ ಮತ್ತು ಸಿಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ರೋಗಿಗಳಿಗೆ 'ಫ್ರೆಂಡ್ಸ್ ಆಫ್ ಮ್ಯಾಕ್ಸ್' ಅಂತ ಒಂದು ಬಳಗವೂ ಇದೆ.

2022ರ ಮೇ 12ಕ್ಕೆ ಮೊದಲ ಮಾತ್ರೆ. ಮೊದಲ ವಾರ ಬರೀ ವಾಂತಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದೇ ತಪ್ಪು. ಹೊಟ್ಟೆ ತುಂಬಾ ಊಟ ಮಾಡಿ, ದೊಡ್ಡ ಲೋಟದ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು. ಎರಡನೇ ತಿಂಗಳಿಗೆ ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಊರಿನವರು ಅಳ್ತಾ ಇದ್ರಾ ಅಂತ ಕೇಳುತ್ತಿದ್ದರು. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಮೈಬಣ್ಣ ತಿಳಿಯಾಯಿತು. ನಮ್ಮ ಚಿಕ್ಕಮ್ಮ, "ಅಕ್ಕ ಬೆಳ್ಳಗಾಗಿಬಿಟ್ಟಿದ್ದಾಳೆ, ಯಾವ ಸೋಪು?" ಅಂತ ಕೇಳಿದ್ದಕ್ಕೆ ಅಮ್ಮ, "ದಿನಕ್ಕೊಂದು ನುಂಗೋ ಸೋಪು ಕಣೆ," ಅಂದಳು. ಬಿಳಿ ರಕ್ತಕಣ ತುಂಬಾ ಇಳಿದಿದ್ದಕ್ಕೆ ಒಮ್ಮೆ ಹತ್ತು ದಿನ ಮಾತ್ರೆ ನಿಲ್ಲಿಸಿದ್ದರು. ನಿಲ್ಲಿಸಿದ್ದು ಡಾಕ್ಟರ್, ನಾವಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಒಂದು ಸಲ ಅಕ್ಕ ದೇವನಹಳ್ಳಿ ಚಕ್ಕೋತ ತಂದಿದ್ದಳು. ಅದೃಷ್ಟಕ್ಕೆ ತಿನ್ನುವ ಮೊದಲು ನರ್ಸ್‌ಗೆ ಫೋನ್ ಮಾಡಿದೆ. ದ್ರಾಕ್ಷಿಹಣ್ಣು ಅಲ್ಲ, ಗ್ರೇಪ್‌ಫ್ರೂಟ್ ಮತ್ತು ಅದೇ ಜಾತಿಯ ಚಕ್ಕೋತ ಬೇಡ ಅಂದರು. ಮಾತ್ರೆ ರಕ್ತದಲ್ಲಿ ಏರಿಬಿಡುತ್ತದಂತೆ. ಫಿಟ್ಸ್‌ನ ಕೆಲವು ಮಾತ್ರೆ, ಟಿಬಿಯ ರಿಫಾಂಪಿಸಿನ್ ಇದಕ್ಕೆ ಉಲ್ಟಾ, ಇಮಾಟಿನಿಬ್‌ನ ಬಲ ತಗ್ಗಿಸುತ್ತವೆ. ಸೋದರಮಾವ ಮಲೆನಾಡಿನಿಂದ ಯಾವುದೋ ಚಕ್ಕೆ ತಂದು ಕಷಾಯ ಮಾಡಿಕೊಡಿ ಅಂದರು. ಅವರ ಪ್ರೀತಿಗೆ ಬೇಡ ಅನ್ನಲಾಗಲಿಲ್ಲ, ಅಮ್ಮನಿಗೆ ಕೊಡಲೂ ಇಲ್ಲ. ಅದು ಈಗಲೂ ಸಾಮಾನಿನ ಡಬ್ಬಿಯಲ್ಲಿದೆ.

ಮಾತ್ರೆಯ ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ತಿಂಗಳು ಸಿಕ್ಕಿದ ಮೆಡಿಕಲ್ ಸ್ಟೋರಿನಲ್ಲಿ ಎಂಆರ್‌ಪಿಗೇ ಕೊಂಡು ಮೋಸ ಹೋದೆ. ಎರಡನೇ ತಿಂಗಳು ಕ್ಯಾನ್ಸರ್ ಔಷಧಿ ಸಗಟಾಗಿ ಮಾರುವವರ ಹತ್ತಿರ ಕೇಳಿದರೆ ಅದೇ ಕಂಪನಿಯ ಅದೇ ಮಾತ್ರೆ ಮೂರನೇ ಒಂದು ಭಾಗದ ಬೆಲೆಗೆ, 30 ಮಾತ್ರೆಗೆ 2,300 ರೂಪಾಯಿ. ಕೇಳಿದವರಿಗೆ ಒಂದು ದರ, ಕೇಳದವರಿಗೆ ಇನ್ನೊಂದು. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಈ ಮಾತ್ರೆ ನಮ್ಮಂಥವರ ಕೈಗೆ ಎಟುಕುವುದರ ಹಿಂದೆ ಒಂದು ಕೋರ್ಟ್ ಕಥೆ ಇದೆ. ಮೂಲ ಬ್ರಾಂಡ್ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಇದ್ದ ಕಾಲದಲ್ಲಿ ನಮ್ಮ ದೇಶದ ಕಂಪನಿಗಳು ಹತ್ತು ಸಾವಿರದೊಳಗೆ ಮಾರುತ್ತಿದ್ದವು. ಗ್ಲಿವೆಕ್ ಕಂಪನಿ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಅಲ್ಲಿ ತೀರ್ಪು ಬೇರೆ ಬಂದಿದ್ದರೆ ಏನಾಗುತ್ತಿತ್ತೋ. 2023ರಲ್ಲಿ ಕೊಬ್ಬರಿ ಬೆಲೆ ನೆಲಕಚ್ಚಿದಾಗ ನಮಗೆ ಆ 2,300 ಕೂಡ ಭಾರವಾಗಿತ್ತು.

ಓಡಾಟಕ್ಕೆ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆ ಫಾರಂ ತುಂಬಿಸಿ ತಂದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಟಿಕೆಟ್ ಪೂರಾ ಉಚಿತ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು ಬಿಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮ, "ನಿನ್ನದೊಂದು ಟಿಕೆಟ್ ದಂಡ, ನಿನ್ನ ಹೆಂಡತೀನ ಕಳಿಸು," ಅನ್ನತೊಡಗಿದಳು. ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಬಿಟ್ಟಿ ಹೋಗಿ, ದಾಸರಹಳ್ಳಿಯಲ್ಲಿ ಉಳಿದು, ಸ್ಕ್ಯಾನ್ ಮುಗಿಸಿ, ಚಿಕ್ಕಪೇಟೆ ಸುತ್ತಿಕೊಂಡು ಬರುತ್ತಿದ್ದರು.

ಆರು ತಿಂಗಳಿಗೊಂದು ಸಿಟಿ ಸ್ಕ್ಯಾನ್. ಎರಡು ದಿನ ಮೊದಲು ಕಿಡ್ನಿ ಸರಿ ಇದೆಯಾ ಅಂತ ನೋಡುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿಕೊಂಡು ಹೋಗಿ, ಇಲ್ಲದಿದ್ದರೆ ಸ್ಕ್ಯಾನ್‌ಗೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಕೊಡದೆ ವಾಪಸ್ ಕಳಿಸುತ್ತಾರೆ. ನಮ್ಮನ್ನು ಒಮ್ಮೆ ಹಾಗೆ ಕಳಿಸಿದ್ದರು. ಹಳೆಯ ಸ್ಕ್ಯಾನ್‌ಗಳ ಸಿಡಿ ಜೊತೆಗಿರಲಿ, ರೇಡಿಯಾಲಜಿಯವರು ಹೋಲಿಸಿ ನೋಡಬೇಕು. ನಾಲ್ಕನೇ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ 6 ಮಿಲಿಮೀಟರ್ ಚುಕ್ಕೆ ಅಂತ ಬರೆದಿದ್ದರು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹಳೆಯ ಸಿಡಿ ತೆಗೆದು ನೋಡಿದರೆ ಅದು ಮೊದಲ ಸ್ಕ್ಯಾನ್‌ನಲ್ಲೂ ಅಷ್ಟೇ ಇತ್ತು. ಬರೀ ನೀರಿನ ಗುಳ್ಳೆ. ಆ ಸಿಡಿ ಇಲ್ಲದೆ ಹೋಗಿದ್ದರೆ ಮತ್ತೊಂದು ಸ್ಕ್ಯಾನು, ಬಯಾಪ್ಸಿ, ಮತ್ತೊಂದು ತಿಂಗಳ ನಿದ್ದೆಗೆಡುವುದು.

ಮಾತ್ರೆ ನಿಲ್ಲಿಸುವ ದಿನ ಹಬ್ಬದ ಹಾಗಿರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಮೂರು ವರ್ಷ ಬೈದುಕೊಂಡು ನುಂಗಿದ ಮಾತ್ರೆ ನಿಂತಾಗ ಬೇಲಿ ಕಿತ್ತ ತೋಟದ ಹಾಗೆ ಅನಿಸಿತು. ಮೇಡಂ ಮುಚ್ಚಿಡಲಿಲ್ಲ. ಮಾತ್ರೆ ಗಡ್ಡೆಯ ಉಳಿದ ಕಣಗಳನ್ನು ಮಲಗಿಸಿ ಇಡುತ್ತದೆ, ಎಲ್ಲರಲ್ಲೂ ಪೂರ್ತಿ ಕೊಲ್ಲುವುದಿಲ್ಲ. ಮರುಕಳಿಸುವುದಿದ್ದರೆ ನಿಲ್ಲಿಸಿದ ಮೊದಲ ಎರಡು ವರ್ಷದಲ್ಲೇ ಜಾಸ್ತಿ. ಮೂರರ ಬದಲು ಆರು ವರ್ಷ ಕೊಟ್ಟರೆ ಮರುಕಳಿಸುವುದು ಕಮ್ಮಿ ಅಂತ ಫ್ರಾನ್ಸಿನ ಒಂದು ಅಧ್ಯಯನ ಹೇಳಿದೆ, ಆದರೆ ಬದುಕಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಂಡಿಲ್ಲ ಅಂದರು. ಮುಂದುವರಿಸುವುದಾ, ನಿಲ್ಲಿಸುವುದಾ ಅಂತ ಅಮ್ಮನನ್ನೇ ಕೇಳಿದರು. ಅವಳು ನನ್ನ ಕಡೆ ತಿರುಗಲೂ ಇಲ್ಲ. "ನಿಲ್ಸಿ ಮೇಡಂ. ಬಂದ್ರೆ ಮತ್ತೆ ನುಂಗ್ತೀನಿ."

ಇನ್ನು ಎರಡು ವರ್ಷ ಮೂರು ಮೂರು ತಿಂಗಳಿಗೆ ಸ್ಕ್ಯಾನ್. ಮೊದಲನೆಯದು ಆಗಸ್ಟ್ ಮೊದಲ ವಾರಕ್ಕೆ ಅಂತ ಬರೆದಿದ್ದರು. ಅಮ್ಮ ಕ್ಯಾಲೆಂಡರ್ ನೋಡಿ 8ಕ್ಕೆ ವರಮಹಾಲಕ್ಷ್ಮಿ ಹಬ್ಬ, ಅದು ಮುಗಿಯದೆ ಎಲ್ಲಿಗೂ ಬರಲ್ಲ ಅಂದಳು. ಫೋನ್ ಮಾಡಿ ಕೇಳಿದೆ, ನಾಲ್ಕು ದಿನ ಆಚೀಚೆ ಆದರೆ ಪರವಾಗಿಲ್ಲ ಅಂದರು. 12ನೇ ತಾರೀಕಿಗೆ ಸ್ಲಾಟ್ ಸಿಕ್ಕಿದೆ. 10ಕ್ಕೆ ಕ್ರಿಯಾಟಿನಿನ್ ಮಾಡಿಸಬೇಕು. ಅವತ್ತು ಭಾನುವಾರ, ಲ್ಯಾಬ್ ತೆಗೆದಿರುತ್ತದಾ ನೋಡಬೇಕು.